ಕಂಸಾಳೆಗೆ ಒಂದು, ಸ್ಟುಡಿಯೊ ಹಾಡಿಗೆ ಇನ್ನೊಂದು: ಬೀಟ್‌ಗ್ರಿಡ್ ಸೆಟ್ಟಿಂಗ್ ಆರಿಸುವ ಬಗೆ

ಡಿಜೆ ತಂತ್ರಾಂಶಕ್ಕೆ ಹಾಡುಗಳನ್ನು ತುಂಬಿಸುವಾಗ ಬಹುತೇಕರು ವಿಶ್ಲೇಷಣೆಯ ಸೆಟ್ಟಿಂಗ್‌ಗಳನ್ನು ಕಂಪನಿ ಕೊಟ್ಟಂತೆಯೇ ಬಿಟ್ಟು, ಇಡೀ ಸಂಗ್ರಹವನ್ನು ಒಂದೇ ಸಲ ಆಯ್ಕೆಮಾಡಿ ಓಡಿಸಿಬಿಡುತ್ತಾರೆ. ಹೌಸ್, ಟೆಕ್ನೊ ಮಾತ್ರ ಹಾಕುವವರಿಗೆ ಅಷ್ಟು ಸಾಕಾಗುತ್ತದೆ. ನಮ್ಮ ಮೈಸೂರು, ಮಂಡ್ಯದ ಕಡೆಯ ಕಾರ್ಯಕ್ರಮಗಳಲ್ಲಿ ಅಷ್ಟಕ್ಕೆ ಕೆಲಸ ಮುಗಿಯುವುದಿಲ್ಲ. ಆರತಕ್ಷತೆಯ ಒಂದೇ ಸಂಜೆಯಲ್ಲಿ ಹೊಸ ಚಿತ್ರಗೀತೆ, ವಾದ್ಯವೃಂದವೆಲ್ಲ ಒಟ್ಟಿಗೆ ಕುಳಿತು ನುಡಿಸಿದ ಹಳೆಯ ಗೀತೆ, ಮಹದೇಶ್ವರನ ಮೇಲಿನ ಪದ, ತಮಟೆಯ ಧ್ವನಿಮುದ್ರಣ, ಜೊತೆಗೆ ಹೊರದೇಶದ ಡ್ಯಾನ್ಸ್ ಹಾಡು, ಎಲ್ಲವೂ ಬರಬೇಕು. ಇವುಗಳ ಲಯ ಹುಟ್ಟಿದ ಬಗೆಯೇ ಬೇರೆಬೇರೆಯಾಗಿರುವಾಗ ಎಲ್ಲಕ್ಕೂ ಒಂದೇ ಸೆಟ್ಟಿಂಗ್ ಹೊಂದುವುದಿಲ್ಲ. ಹಾಡು ಯಂತ್ರದ ಕ್ಲಿಕ್ಕಿಗೆ, ಅಂದರೆ ಒಂದೇ ವೇಗದಲ್ಲಿ ಬಡಿಯುವ ಟಿಕ್ ಸದ್ದಿಗೆ, ಕಟ್ಟಿದ್ದೋ ಮನುಷ್ಯರ ಕೈಯಿಂದ ಬಂದದ್ದೋ ಎಂಬುದನ್ನು ಮೊದಲು ವಿಂಗಡಿಸಿಕೊಂಡು, ಆಮೇಲೆ ಆಯಾ ಗುಂಪಿಗೆ ತಕ್ಕ ಸೆಟ್ಟಿಂಗ್ ಇಟ್ಟು ವಿಶ್ಲೇಷಣೆ ಮಾಡಿಸಬೇಕು ಎನ್ನುವುದು ನನ್ನ ದೃಢವಾದ ಅಭಿಪ್ರಾಯ.

ತಂತ್ರಾಂಶ ಹಾಡನ್ನು ನಮ್ಮಂತೆ ಕೇಳುವುದಿಲ್ಲ. ಧ್ವನಿಯ ಶಕ್ತಿ ಎಲ್ಲೆಲ್ಲಿ ಥಟ್ಟನೆ ಏರುತ್ತದೆ ಎಂದು ಮೊದಲು ಗುರುತು ಹಾಕಿಕೊಳ್ಳುತ್ತದೆ. ಆ ಏರಿಕೆಗಳು ಎಷ್ಟೆಷ್ಟು ಹೊತ್ತಿಗೊಮ್ಮೆ ಮರಳಿ ಬರುತ್ತವೆ ಎಂದು ಹುಡುಕುತ್ತದೆ. ಕೊನೆಗೆ ಹೆಚ್ಚು ಏಟುಗಳಿಗೆ ಹೊಂದುವ ಒಂದು ಅಂತರವನ್ನು ಆರಿಸಿ ಅದರ ಮೇಲೆ ಗೆರೆ ಎಳೆಯುತ್ತದೆ. ಆ ಗೆರೆಗಳ ಸಾಲೇ ಬೀಟ್‌ಗ್ರಿಡ್. ಎರಡು ಹಾಡುಗಳ ಲಯ ಕೂಡಿಸುವ ಸಿಂಕ್, ಒತ್ತಿದ್ದನ್ನು ಹತ್ತಿರದ ಗೆರೆಗೆ ಎಳೆದು ಕೂರಿಸುವ ಕ್ವಾಂಟೈಸ್, ಒಂದು ತುಣುಕನ್ನೇ ಮತ್ತೆ ಮತ್ತೆ ಸುತ್ತಿಸುವ ಲೂಪ್, ಬೀಟಿಗೆ ಕಟ್ಟಿದ ಎಕೋ, ಇವೆಲ್ಲ ನಂಬಿಕೊಂಡಿರುವುದು ಈ ಗೆರೆಗಳನ್ನೇ ಹೊರತು ಹಾಡನ್ನಲ್ಲ. ಗೆರೆ ತಪ್ಪಿದ್ದರೆ ಸಿಂಕ್ ಗುಂಡಿ ಆ ತಪ್ಪನ್ನೇ ನಿಷ್ಠೆಯಿಂದ ಪಾಲಿಸುತ್ತದೆ.

ಮೊದಲು ಗಮನಿಸಬೇಕಾದದ್ದು ಬಿಪಿಎಂ ವ್ಯಾಪ್ತಿ. ಬಿಪಿಎಂ ಎಂದರೆ ನಿಮಿಷಕ್ಕೆ ಎಷ್ಟು ಬೀಟ್ ಎಂಬ ಅಂಕಿ. ನಿಮಿಷಕ್ಕೆ 70 ಏಟಿನ ಹಾಡನ್ನು 140 ಎಂದೂ ಎಣಿಸಬಹುದು, 35 ಎಂದೂ ಎಣಿಸಬಹುದು; ಮೂರೂ ಲೆಕ್ಕದ ಮಟ್ಟಿಗೆ ಸರಿಯೇ. ಈ ಗೊಂದಲವನ್ನು ಬಿಡಿಸಲೆಂದೇ ಸೆರಾಟೊದಂತಹ ತಂತ್ರಾಂಶಗಳು 58–115, 68–135, 78–155, 88–175, 98–195 ಎಂಬ ವ್ಯಾಪ್ತಿಗಳನ್ನು ಮುಂದಿಡುತ್ತವೆ. ಪ್ರತಿ ವ್ಯಾಪ್ತಿಯಲ್ಲೂ ಮೇಲಿನ ಅಂಕಿ ಕೆಳಗಿನದರ ಎರಡರಷ್ಟಕ್ಕೆ ಹೆಚ್ಚು ಕಡಿಮೆ ಸಮನಾಗಿರುವುದನ್ನು ನೋಡಿ. ಯಾವುದೇ ವೇಗದ ಅರ್ಧ, ಪೂರ್ತಿ, ಇಮ್ಮಡಿಗಳ ಪೈಕಿ ಒಂದೇ ಒಂದು ಅದರೊಳಗೆ ಬೀಳಲಿ ಎಂಬುದು ಇದರ ಉದ್ದೇಶ. ಆದ್ದರಿಂದ ವ್ಯಾಪ್ತಿಯನ್ನು ಆರಿಸುವುದೆಂದರೆ ಹಾಡಿನ ವೇಗವನ್ನು ಯಾವ ಕಾಲದಲ್ಲಿ ಎಣಿಸಬೇಕು ಎಂದು ನಾವೇ ತೀರ್ಮಾನಿಸುವುದು ಎಂದರ್ಥ. ಕುಣಿಯುವವರ ಪಾದ ನೆಲಕ್ಕೆ ಬೀಳುವ ಎಣಿಕೆಯೇ ನನಗೆ ಅಳತೆಗೋಲು. ನಮ್ಮ ಕಡೆಯ ಜನ ಮೆರವಣಿಗೆಯಲ್ಲಿಯೂ ಛತ್ರದಲ್ಲಿಯೂ ಕುಣಿಯುವ ಹಾಡುಗಳಲ್ಲಿ ಹೆಚ್ಚಿನವು 68–135ರೊಳಗೆ ಚೆನ್ನಾಗಿ ಕೂರುತ್ತವೆ. ಡ್ರಮ್ ಅಂಡ್ ಬೇಸ್ ಬಗೆಯ ವೇಗದ ಸಂಗೀತಕ್ಕೆ ಮಾತ್ರ 88–175 ಇಟ್ಟು ಪ್ರತ್ಯೇಕವಾಗಿ ವಿಶ್ಲೇಷಣೆ ಮಾಡಿಸುತ್ತೇನೆ.

ವ್ಯಾಪ್ತಿಯಿಂದ ಬಗೆಹರಿಯದ ಇನ್ನೊಂದು ತೊಡಕಿದೆ. ಅದು ನಮ್ಮ ಸಂಗೀತದಲ್ಲೇ ಹೆಚ್ಚಾಗಿ ಎದುರಾಗುವುದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ತಮಟೆಯ ಬಹಳಷ್ಟು ವರಸೆಗಳು, ಜಾನಪದ ಧಾಟಿಯ ಬಹಳಷ್ಟು ಹಾಡುಗಳು ತಿಶ್ರ ನಡೆಯವು. ಒಂದೊಂದು ಹೆಜ್ಜೆಯೊಳಗೆ ‘ತಕಿಟ’ ಎಂದು ಮೂರು ಸಣ್ಣ ಏಟುಗಳು ಕೂರುತ್ತವೆ. ಡಿಜೆ ತಂತ್ರಾಂಶಗಳ ವಿಶ್ಲೇಷಣೆಯಾದರೋ ನಾಲ್ಕರ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡದ್ದು. ನಿಮಿಷಕ್ಕೆ 96 ಹೆಜ್ಜೆಯ ತಿಶ್ರದ ಹಾಡೊಂದನ್ನು ತೆಗೆದುಕೊಳ್ಳಿ. ಅದರಲ್ಲಿ ನಿಮಿಷಕ್ಕೆ 288 ಸಣ್ಣ ಏಟುಗಳಿರುತ್ತವೆ. ತಂತ್ರಾಂಶ ಅವುಗಳನ್ನು ಮೂರು ಮೂರಾಗಿ ಕೂಡಿಸುವ ಬದಲು ಎರಡೆರಡಾಗಿ ಕೂಡಿಸಿಬಿಟ್ಟರೆ 144 ಎಂಬ ಉತ್ತರ ಬರುತ್ತದೆ. ವ್ಯಾಪ್ತಿ 68–135 ಆಗಿದ್ದರೆ 144 ಹೊರಗೆ ಬೀಳುವುದರಿಂದ ಅದನ್ನು ಅರ್ಧ ಮಾಡಿ 72 ಎಂದು ತೋರಿಸುತ್ತದೆ. ತೆರೆಯ ಮೇಲೆ 72 ಎಂಬ ಅಂಕಿ ಅನುಮಾನಕ್ಕೆ ಎಡೆಕೊಡುವುದಿಲ್ಲ, ಏಕೆಂದರೆ ನಿಧಾನದ ಹಾಡಿಗೆ ಅದು ಸಹಜವಾದ ವೇಗವೇ. ಹಾಡನ್ನು ಹಾಕಿ ಗೆರೆಗಳ ಜೊತೆ ಕೈಯಲ್ಲಿ ತಾಳ ಹಾಕಿ ನೋಡಿದಾಗ ಮಾತ್ರ, ಗೆರೆಯೊಂದು ಹೆಜ್ಜೆಗೆ ಸರಿಯಾಗಿ ಬಿದ್ದು ಮುಂದಿನ ಎರಡು ಗೆರೆಗಳು ಹೆಜ್ಜೆಗಳ ನಡುವೆ ಜಾರಿಹೋಗುವುದು ಗೊತ್ತಾಗುತ್ತದೆ. ಇಂತಹ ಕಡೆ ಇಮ್ಮಡಿ, ಅರ್ಧ ಮಾಡುವ ಗುಂಡಿಗಳಿಂದ ಪ್ರಯೋಜನವಿಲ್ಲ. 72ನ್ನು ಮೂರರಿಂದ ಭಾಗಿಸಿ ನಾಲ್ಕರಿಂದ ಗುಣಿಸಬೇಕು, 144 ಎಂದು ಬಂದಿದ್ದರೆ ಮೂರರಿಂದ ಭಾಗಿಸಿ ಎರಡರಿಂದ ಗುಣಿಸಬೇಕು. ಹೆಸರಿನ ಕೊನೆಯಲ್ಲಿ ಮೂರು ಎಕ್ಸ್ ಅಕ್ಷರಗಳಿರುವ ‘ಮಿಕ್ಸ್’ ಎಂಬ ಉಚಿತ, ಮುಕ್ತ ತಂತ್ರಾಂಶದಲ್ಲಿ ಹಾಡಿನ ವಿವರಗಳ ಕಿಟಕಿಯಲ್ಲೇ 2/3, 3/4, 4/3, 3/2 ಎಂಬ ಗುಂಡಿಗಳಿವೆ. ತಮಟೆಯ ನಾಡಿನವರಾದ ನಮಗೆ ಇದು ದೊಡ್ಡ ಉಪಕಾರ. ಬೇರೆ ತಂತ್ರಾಂಶ ಬಳಸುವವರು ಲೆಕ್ಕ ಹಾಕಿ ಅಂಕಿಯನ್ನು ಕೈಯಾರೆ ತುಂಬಬೇಕು, ಇಲ್ಲವೇ ಹೆಜ್ಜೆಗೆ ಸರಿಯಾಗಿ ಟ್ಯಾಪ್ ಮಾಡಿ ಕೊಡಬೇಕು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಆಯ್ಕೆ: ಗ್ರಿಡ್ ಸ್ಥಿರವಾಗಿರಬೇಕೋ ಹಾಡಿನ ಜೊತೆಗೆ ಬಾಗಬೇಕೋ. ರೆಕಾರ್ಡ್‌ಬಾಕ್ಸ್ ಎಂಬ ಡಿಜೆ ತಂತ್ರಾಂಶದಲ್ಲಿ ಸ್ಥಿರವಾದದ್ದಕ್ಕೆ ನಾರ್ಮಲ್, ಬಾಗುವುದಕ್ಕೆ ಡೈನಾಮಿಕ್ ಎಂಬ ಹೆಸರುಗಳಿವೆ. ‘ಮಿಕ್ಸ್’ನಲ್ಲಿ ವೇಗ ಸ್ಥಿರವೆಂದು ಭಾವಿಸು ಎಂಬರ್ಥದ ಗುರುತುಪೆಟ್ಟಿಗೆಯೊಂದಿದೆ. ಸೆರಾಟೊದಲ್ಲಿ ಒಂದೇ ಹಾಡಿನೊಳಗೆ ಹಲವು ಗ್ರಿಡ್ ಗುರುತುಗಳನ್ನು ನೆಡುವ ಅನುಕೂಲ ಹಿಂದಿನಿಂದಲೂ ಇದೆ. ಟ್ರ್ಯಾಕ್ಟರ್ ಎಂಬ ತಂತ್ರಾಂಶಕ್ಕೆ ಬಾಗುವ ಗ್ರಿಡ್ ಬಂದದ್ದು 2024ರಲ್ಲಿ, ಅದರ ನಾಲ್ಕನೆಯ ಆವೃತ್ತಿಯಲ್ಲಿ.

ಮದ್ದೂರಿನಿಂದ ಕೆಲಸ ಕಲಿಯಲು ಬರುವ ಹುಡುಗನೊಬ್ಬ ಈಚೆಗೆ ಕೇಳಿದ: “ಅಣ್ಣಾ, ಡೈನಾಮಿಕ್ ಅಂತ ಇದ್ಯಲ್ಲ, ಅದ್ನೇ ಎಲ್ಲಾ ಹಾಡ್ಗೂ ಹಾಕ್ಬುಟ್ರೆ ಆಗಲ್ವಾ? ನೆಟ್ಟಗಿರೋ ಹಾಡು ನೆಟ್ಟಗೇ ಬರುತ್ತೆ, ಸೊಟ್ಟ ಇರೋದು ಸೊಟ್ಟ ಬರುತ್ತೆ.” ಪ್ರಶ್ನೆ ಬಹಳ ನ್ಯಾಯವಾದದ್ದು. “ಆಗಲ್ಲ ಕಣಪ್ಪ, ಬಾ ತೋರಿಸ್ತೀನಿ” ಎಂದು, ಕಂಪ್ಯೂಟರಿನಲ್ಲೇ ಕಟ್ಟಿದ ಹೌಸ್ ಹಾಡೊಂದನ್ನು ಡೈನಾಮಿಕ್‌ನಲ್ಲಿ ಓಡಿಸಿ, ತೆರೆಯ ಮೇಲೆ ಅಲೆಯ ಚಿತ್ರವನ್ನು ಸಾಧ್ಯವಾದಷ್ಟು ಹಿಗ್ಗಿಸಿ ತೋರಿಸಿದೆ. ಕಿಕ್ ಡ್ರಮ್ ನಿಂತು ಬರೀ ದನಿ ಮತ್ತು ಸಿಂಥ್ ಉಳಿಯುವ ಭಾಗದಲ್ಲಿ, ಗೆರೆಗಳು ಹಿಡಿದುಕೊಳ್ಳಲು ಸ್ಪಷ್ಟವಾದ ಏಟು ಸಿಗದೆ, ಹಾಡುವವಳ ಅಕ್ಷರಗಳ ಹಿಂದೆ ಹೋಗಿದ್ದವು. ಬಿಪಿಎಂ ಅಂಕಿ 128ರ ಸುತ್ತ ಕೊಂಚ ಮೇಲೆ, ಕೊಂಚ ಕೆಳಗೆ ಅಲುಗುತ್ತಿತ್ತು. ಹಾಡಿನಲ್ಲಿ ಇಲ್ಲದ ತೂಗಾಟವನ್ನು ವಿಶ್ಲೇಷಣೆಯೇ ಸೇರಿಸಿತ್ತು. ಇಂತಹ ಹಾಡು, ಉಳಿದವಕ್ಕೆ ವೇಗ ಕೊಡುವ ಮಾಸ್ಟರ್ ಡೆಕ್ಕಿನಲ್ಲಿದ್ದು ಇನ್ನೊಂದು ಡೆಕ್ ಸಿಂಕ್ ಆಗಿದ್ದರೆ, ಆ ಎರಡನೆಯ ಹಾಡು ಕಾರಣವೇ ಇಲ್ಲದೆ ಹಿಗ್ಗುತ್ತ ಕುಗ್ಗುತ್ತ ಸಾಗುತ್ತದೆ; ವೇಗ ಬದಲಾದರೂ ಶ್ರುತಿ ಬದಲಾಗದಂತೆ ಹಿಡಿಯುವ ಕೀ ಲಾಕ್ ಬೇರೆ ಇದ್ದರೆ ಉದ್ದನೆಯ ಸ್ವರಗಳಲ್ಲಿ ಅದು ಕಿವಿಗೇ ತಿಳಿಯುತ್ತದೆ. ಆದ್ದರಿಂದ ಕ್ಲಿಕ್ಕಿಗೆ ಕಟ್ಟಿದ ಹಾಡಿಗೆ ಸ್ಥಿರ ಗ್ರಿಡ್ಡೇ ಆಗಬೇಕು. ಅಲ್ಲಿ ಯಂತ್ರಕ್ಕೆ ಸ್ವಾತಂತ್ರ್ಯ ಕೊಡುವುದರಿಂದ ನಷ್ಟವೇ ಹೊರತು ಲಾಭವಿಲ್ಲ.

ಸ್ಥಿರ ಗ್ರಿಡ್ ಇಟ್ಟ ಮೇಲೆ ಅಂಕಿಯ ನಿಖರತೆಗೆ ಗಮನ ಕೊಡಬೇಕು. ನಿಜವಾದ ವೇಗ 128 ಇರುವ ಹಾಡಿಗೆ ತಂತ್ರಾಂಶ 128.1 ಎಂದು ಬರೆದಿದೆ ಎನ್ನೋಣ. ನಿಮಿಷಕ್ಕೆ ಹತ್ತನೆಯ ಒಂದು ಭಾಗ ಬೀಟ್ ಎಂದರೆ ಐದು ನಿಮಿಷಕ್ಕೆ ಅರ್ಧ ಬೀಟ್. 128ರ ವೇಗದಲ್ಲಿ ಒಂದು ಬೀಟಿಗೆ 468.75 ಮಿಲಿಸೆಕೆಂಡ್ ಆಗುವುದರಿಂದ, ಹಾಡಿನ ಕೊನೆಗೆ ಬರುವಷ್ಟರಲ್ಲಿ ಗೆರೆ 234 ಮಿಲಿಸೆಕೆಂಡಿನಷ್ಟು ದೂರ ಸರಿದು ಎರಡು ಏಟುಗಳ ನಟ್ಟನಡುವೆ ನಿಂತಿರುತ್ತದೆ. ನಾವು ಮಿಕ್ಸ್ ಮಾಡುವುದು ಸಾಮಾನ್ಯವಾಗಿ ಹಾಡಿನ ಕೊನೆಯ ಭಾಗದಲ್ಲಿ ಎಂಬುದನ್ನು ನೆನೆದರೆ ಇದು ಎಷ್ಟು ದೊಡ್ಡ ದೋಷವೆಂದು ತಿಳಿಯುತ್ತದೆ. ಕಂಪ್ಯೂಟರಿನಲ್ಲಿ ಕಟ್ಟಿದ ಹಾಡುಗಳ ವೇಗ ಬಹುಮಟ್ಟಿಗೆ ಪೂರ್ಣಾಂಕವೇ ಆಗಿರುವುದರಿಂದ, 127.98 ಅಥವಾ 128.03 ಎಂದು ಬಂದಾಗ 128ಕ್ಕೆ ತಿದ್ದಿ ಕೇಳಿ ನೋಡುವುದು ಒಳ್ಳೆಯ ಅಭ್ಯಾಸ. ವಿಡಿಯೊದಿಂದ ತೆಗೆದ ಹಾಡುಗಳಲ್ಲಿ ಮಾತ್ರ ಎಚ್ಚರ ಬೇಕು. ಸೆಕೆಂಡಿಗೆ 24 ಫ್ರೇಮಿನ ಚಿತ್ರವನ್ನು ಟೀವಿಗಾಗಿ 25 ಫ್ರೇಮಿಗೆ ಏರಿಸಿದ ಪ್ರತಿಯಲ್ಲಿ ಧ್ವನಿಯೂ ಶೇಕಡ 4ಕ್ಕಿಂತ ತುಸು ಹೆಚ್ಚೇ ವೇಗವಾಗುತ್ತದೆ. ಅಂದರೆ 120ರ ಹಾಡು 125 ಆಗುತ್ತದೆ. ಅಲ್ಲಿ ಮೂಲ ಹಾಡಿನ ವೇಗವನ್ನು ನಂಬಿ ಅಂಕಿ ತುಂಬಿದರೆ ಗ್ರಿಡ್ ಕೂಡುವುದೇ ಇಲ್ಲ.

ಗ್ರಿಡ್ ಸರಿಯಿದೆಯೇ ಎಂದು ಪರೀಕ್ಷಿಸಲು ಕಣ್ಣಿಗಿಂತ ಕಿವಿ ಮೇಲು. ರೆಕಾರ್ಡ್‌ಬಾಕ್ಸ್‌ನ ಗ್ರಿಡ್ ತಿದ್ದುವ ಭಾಗದಲ್ಲಿ ಮೆಟ್ರೊನೋಮ್ ಇದೆ, ಟ್ರ್ಯಾಕ್ಟರ್‌ನಲ್ಲಿ ಗೆರೆಗೊಮ್ಮೆ ಟಿಕ್ ಎನ್ನುವ ಸೌಲಭ್ಯವಿದೆ. ಅದನ್ನು ಹಾಕಿಕೊಂಡು ಹಾಡಿನಲ್ಲಿ ತಾಳವಾದ್ಯ ಮೊದಲು ಬರುವ ಜಾಗ, ನಡುಭಾಗ, ಕೊನೆಯ ನಿಮಿಷ, ಮೂರನ್ನೂ ಕೇಳಬೇಕು. ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿ ಟಿಕ್ ಹಿಂದೆ ಅಥವಾ ಮುಂದೆ ಬಿದ್ದರೆ ವೇಗ ಸರಿಯಿದೆ, ಗ್ರಿಡ್ಡನ್ನು ಇಡಿಯಾಗಿ ಸರಿಸಿದರೆ ಸಾಕು. ಮೊದಲಲ್ಲಿ ಕೂಡಿ ಕೊನೆಯಲ್ಲಿ ತಪ್ಪಿದರೆ ಬಿಪಿಎಂ ಅಂಕಿಯೇ ತಪ್ಪು. ಆಗ ಗೆರೆಯನ್ನು ಸರಿಸಿದರೆ ಕೊನೆ ಸರಿಹೋಗಿ ಮೊದಲು ಕೆಡುತ್ತದೆ. ಎರಡು ತುದಿಯಲ್ಲೂ ಕೂಡಿ ನಡುವೆ ಮಾತ್ರ ಅಲೆದಾಡಿದರೆ ಅದು ಕ್ಲಿಕ್ಕಿಲ್ಲದೆ ನುಡಿಸಿದ ಹಾಡು. ಅದಕ್ಕೆ ಬಾಗುವ ಗ್ರಿಡ್ ಬೇಕು. ಕೆಲವು ಮಿಲಿಸೆಕೆಂಡಿನ ವ್ಯತ್ಯಾಸ ಹೆಚ್ಚಿನವರಿಗೆ ಕೇಳಿಸುವುದಿಲ್ಲ. ಇಪ್ಪತ್ತು, ಮೂವತ್ತಾದಾಗ ಎರಡು ಹಾಡುಗಳ ಏಟು ಒಂದಾಗದೆ ‘ದಢ್’ ಎನ್ನಬೇಕಾದದ್ದು ‘ದದಢ್’ ಎಂದು ಒಡೆಯುತ್ತದೆ. ದೊಡ್ಡ ಸ್ಪೀಕರಿನಲ್ಲಿ ಅದು ಎಲ್ಲರಿಗೂ ತಿಳಿಯುವಂಥದ್ದು.

ಮನುಷ್ಯರ ಕೈಯಿಂದ ಬಂದ ಲಯಕ್ಕೆ ಈಗ ಬರೋಣ. ಬೀಸು ಕಂಸಾಳೆಯ ಧ್ವನಿಮುದ್ರಣಗಳಲ್ಲಿ ಲಯ ನಿಧಾನವಾಗಿ ಹೊರಟು, ಕುಣಿತ ಕಾವೇರಿದಂತೆ ಏರುತ್ತ ಹೋಗುತ್ತದೆ. ಆ ಏರಿಕೆಯೇ ಕಲೆಯ ಜೀವ; ಅದನ್ನು ದೋಷವೆಂದು ಬಗೆದು ನೆಟ್ಟಗೆ ಮಾಡುವುದು ನನಗೆ ಸಮ್ಮತವಲ್ಲ. ಸ್ಥಿರ ಗ್ರಿಡ್ ಇಟ್ಟರೆ ತಂತ್ರಾಂಶ ಎಲ್ಲದರ ಸರಾಸರಿ ತೆಗೆದು, ಹಾಡಿನ ಯಾವ ಭಾಗಕ್ಕೂ ಪೂರ್ತಿ ಹೊಂದದ ಒಂದು ಅಂಕಿ ಕೊಡುತ್ತದೆ. ಡೈನಾಮಿಕ್ ಇಟ್ಟರೆ ಏರಿಕೆಯನ್ನು ಬಹುಮಟ್ಟಿಗೆ ಹಿಂಬಾಲಿಸುತ್ತದೆ, ಆದರೆ ಕಂಚಿನ ತಾಳದ ಚೂಪಾದ ನಾದ ಹೆಜ್ಜೆಯ ಮೇಲಷ್ಟೇ ಅಲ್ಲದೆ ಹೆಜ್ಜೆಗಳ ನಡುವೆಯೂ ಬೀಳುವುದರಿಂದ ಗೆರೆಗಳು ಅಲ್ಲಲ್ಲಿ ಅರ್ಧ ಹೆಜ್ಜೆ ಜಿಗಿದಿರುತ್ತವೆ. ಆದ್ದರಿಂದ ಈ ಗುಂಪಿಗೆ ಡೈನಾಮಿಕ್‌ನಲ್ಲಿ ಓಡಿಸಿ, ನಾನು ಮಿಕ್ಸ್ ಮಾಡುವ ಎರಡು ಜಾಗಗಳನ್ನು, ಅಂದರೆ ಹಾಡಿಗೆ ಬರುವ ಜಾಗ ಮತ್ತು ಹಾಡಿನಿಂದ ಹೊರಡುವ ಜಾಗವನ್ನು, ಕೈಯಿಂದ ತಿದ್ದುತ್ತೇನೆ. ನಡುಭಾಗದಲ್ಲಿ ಕಲಾವಿದರ ಲಯ ಅವರಿಗೇ ಇರಲಿ. ಅಲ್ಲಿ ಲೂಪನ್ನೂ ಎಕೋವನ್ನೂ ಬಳಸುವುದಿಲ್ಲ. ವಾದ್ಯವೃಂದದ ಹಳೆಯ ಚಿತ್ರಗೀತೆಗಳಿಗೂ ಇದೇ ಕ್ರಮ. ಅವು ಕ್ಯಾಸೆಟ್ಟಿನಿಂದ ಇಳಿಸಿದ ಪ್ರತಿಗಳಾಗಿದ್ದರೆ ಟೇಪಿನ ಓಟದ ವ್ಯತ್ಯಾಸವೂ ಸೇರಿಕೊಂಡಿರುತ್ತದೆ.

ದಸರೆಯ ಯುವ ಸಂಭ್ರಮಕ್ಕೆ ಮಾನಸಗಂಗೋತ್ರಿಯ ಬಯಲು ರಂಗಮಂದಿರಕ್ಕೆ ಬರುವ ಕಾಲೇಜು ತಂಡಗಳು ತರುವ ಮೆಡ್ಲಿಗಳದ್ದು ಇನ್ನೊಂದು ಬಗೆ. ಅವುಗಳಲ್ಲಿ ಒಂದೊಂದು ತುಣುಕೂ ನೆಟ್ಟಗಿರುತ್ತದೆ, ಜೋಡಣೆಯ ಜಾಗದಲ್ಲಿ ವೇಗ ಥಟ್ಟನೆ ಬದಲಾಗುತ್ತದೆ. ಇಂಥವಕ್ಕೆ ಡೈನಾಮಿಕ್ ವಿಶ್ಲೇಷಣೆಗಿಂತ, ಪ್ರತಿ ಜೋಡಣೆಯಲ್ಲಿ ಹೊಸ ಗುರುತು ನೆಟ್ಟು ಆ ತುಣುಕಿನ ವೇಗವನ್ನು ತುಂಬುವುದೇ ಉತ್ತಮ.

ಹಳೆಯ ಲ್ಯಾಪ್‌ಟಾಪ್ ಇರುವವರು ‘ಮಿಕ್ಸ್’ನ ತ್ವರಿತ ವಿಶ್ಲೇಷಣೆಯ ಆಯ್ಕೆಗೆ ಆಸೆಪಡುವುದು ಸಹಜ. ಅದು ಹಾಡಿನ ಮೊದಲ ಒಂದು ನಿಮಿಷವನ್ನಷ್ಟೇ ನೋಡಿ ವೇಗವನ್ನು ನಿರ್ಧರಿಸುತ್ತದೆ. ನಮ್ಮ ಹಾಡುಗಳಲ್ಲಿ ಆ ಮೊದಲ ನಿಮಿಷದ ಬಹುಭಾಗ ಕೊಳಲಿನ ಆಲಾಪದಲ್ಲೋ, ತಾಳವಿಲ್ಲದ ಸಾಕಿಯಲ್ಲೋ, ಚಿತ್ರದ ಸಂಭಾಷಣೆಯಲ್ಲೋ ಕಳೆದುಹೋಗುವುದುಂಟು. ಅಲ್ಲಿ ಸಿಕ್ಕ ಅಂಕಿಯನ್ನು ಇಡೀ ಹಾಡಿಗೆ ಹಚ್ಚುವುದು ಸರಿಯಲ್ಲ. ರಾತ್ರಿ ಮಲಗುವ ಮುನ್ನ ವಿಶ್ಲೇಷಣೆಗೆ ಹಾಕಿಬಿಟ್ಟರೆ ಬೆಳಿಗ್ಗೆಗೆ ಮುಗಿದಿರುತ್ತದೆ. ಆ ಆಯ್ಕೆಯನ್ನು ಮುಟ್ಟದಿರುವುದೇ ಒಳ್ಳೆಯದು.

ಗ್ರಿಡ್ಡಿನ ಮೊದಲ ಗೆರೆಯ ಬಗ್ಗೆಯೂ ಒಂದು ಮಾತು. ವೇಗ ಸರಿಯಾಗಿ ಹಿಡಿದ ತಂತ್ರಾಂಶವೂ ಆವರ್ತದ ಸಮ, ಅಂದರೆ ಅದರ ಮೊದಲ ಏಟು, ಎಲ್ಲಿದೆ ಎಂಬುದನ್ನು ತಪ್ಪಾಗಿ ಊಹಿಸಬಹುದು, ಏಕೆಂದರೆ ನಮ್ಮಲ್ಲಿ ಪಲ್ಲವಿ ಸಮಕ್ಕೆ ಮೊದಲೋ ಸಮ ಕಳೆದೋ ಎತ್ತಿಕೊಳ್ಳುವ ಹಾಡುಗಳು ಬೇಕಾದಷ್ಟಿವೆ. ಬೀಟಿಗೆ ಬೀಟ್ ಕೂಡಿದ್ದರೂ ಸಮ ತಪ್ಪಿದ್ದರೆ ಎರಡು ಹಾಡುಗಳ ಮಿಶ್ರಣ ಕೇಳಲು ಹಿತವಾಗಿರುವುದಿಲ್ಲ. ದನಿಯನ್ನು ಬಿಟ್ಟು ಬೇಸ್ ಮತ್ತು ತಾಳವಾದ್ಯವನ್ನು ಹಿಡಿದು ಸಮವನ್ನು ಗುರುತಿಸಿ, ಮೊದಲ ಬೀಟನ್ನು ತೋರಿಸುವ ಕೆಂಪು ಗೆರೆಯನ್ನು ಅಲ್ಲಿಗೆ ತರಬೇಕು.

ಇಷ್ಟೆಲ್ಲ ತಿದ್ದಿದ ಮೇಲೆ ಅದನ್ನು ಉಳಿಸಿಕೊಳ್ಳಬೇಕು. ರೆಕಾರ್ಡ್‌ಬಾಕ್ಸ್‌ನಲ್ಲಿ ಅನಾಲಿಸಿಸ್ ಲಾಕ್, ‘ಮಿಕ್ಸ್’ನಲ್ಲಿ ಬಿಪಿಎಂ ಪಕ್ಕದ ಬೀಗದ ಚಿತ್ರ ಇರುವುದು ಇದಕ್ಕಾಗಿಯೇ. ಸೆಟ್ಟಿಂಗ್ ಬದಲಾದಾಗ ಮತ್ತೆ ವಿಶ್ಲೇಷಿಸು ಎಂಬ ಆಯ್ಕೆಯನ್ನು ತೆಗೆದಿಡುವುದೂ ಅಗತ್ಯ, ಇಲ್ಲವಾದರೆ ಒಂದು ಗುಂಪಿಗೆಂದು ವ್ಯಾಪ್ತಿ ಬದಲಿಸಿದ್ದು ಇನ್ನೊಂದು ಗುಂಪಿನ ಕೆಲಸವನ್ನು ಅಳಿಸೀತು. ಹಾಟ್ ಕ್ಯೂಗಳನ್ನು, ಅಂದರೆ ಗುಂಡಿ ಒತ್ತಿದ ಕೂಡಲೇ ಹಾಡಿನ ಬೇಕಾದ ಜಾಗಕ್ಕೆ ಹೋಗಲು ಇಡುವ ಗುರುತುಗಳನ್ನು, ಗ್ರಿಡ್ ಬೀಗ ಹಾಕಿದ ನಂತರವೇ ಇಡಿ. ತಪ್ಪು ಗೆರೆಗೆ ಅಂಟಿಕೊಂಡ ಕ್ಯೂ, ಗೆರೆ ಸರಿಹೋದ ಮೇಲೂ ತನ್ನ ಹಳೆಯ ಜಾಗದಲ್ಲೇ ಉಳಿದುಬಿಡುತ್ತದೆ.

ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಂಗ್ರಹವನ್ನು ಸಾಗಿಸುವವರಿಗೆ ಎಂಪಿ3 ಕಡತಗಳು ತೊಂದರೆ ಕೊಡಬಹುದು. ಎಂಪಿ3 ಕಡತವೆಂದರೆ ಫ್ರೇಮ್ ಎಂಬ ಸಣ್ಣ ತುಂಡುಗಳ ಸಾಲು. ಒಂದು ಫ್ರೇಮಿನಲ್ಲಿ ಧ್ವನಿಯ 1152 ಮಾದರಿಗಳಿರುತ್ತವೆ, 44.1 ಕಿಲೊಹರ್ಟ್ಸ್‌ನಲ್ಲಿ ಅದು ಸುಮಾರು 26 ಮಿಲಿಸೆಕೆಂಡ್. ಕಡತದ ಆರಂಭದಲ್ಲಿ ಮಾಹಿತಿಗೆಂದೇ ಇರುವ ಫ್ರೇಮನ್ನು ಒಂದು ತಂತ್ರಾಂಶ ಬಿಟ್ಟುಬಿಟ್ಟು ಇನ್ನೊಂದು ಮೌನವೆಂದು ಎಣಿಸಿದರೆ, ಎಷ್ಟು ಚೆನ್ನಾಗಿ ತಿದ್ದಿದ ಗ್ರಿಡ್ಡೂ ಹೊಸ ಕಡೆಯಲ್ಲಿ ಅಷ್ಟು ಸರಿದು ಕೂರುತ್ತದೆ. ಎಲ್ಲ ಕಡೆಯೂ ಒಂದೇ ಪ್ರಮಾಣದ ಅಂತರ ಕಂಡರೆ ಇದೇ ಕಾರಣವೆಂದು ಬಗೆದು ಗ್ರಿಡ್ಡನ್ನು ಸರಿಸಿ, ಮತ್ತೆ ವಿಶ್ಲೇಷಣೆಗೆ ಹಾಕಬೇಡಿ.

ಬೀಗರೂಟದ ದಿನ ಯಾರಾದರೂ ಫೋನು ಹಿಡಿದು ಬಂದು “ಇದೊಂದು ಹಾಡು ಹಾಕಿ” ಎಂದಾಗ ಇಷ್ಟಕ್ಕೆಲ್ಲ ಸಮಯವಿರುವುದಿಲ್ಲ. ಆಗ ನಾನು ಆ ಹಾಡಿನ ಡೆಕ್ಕಿನಲ್ಲಿ ಸಿಂಕನ್ನೂ ಕ್ವಾಂಟೈಸನ್ನೂ ತೆಗೆದುಬಿಟ್ಟು, ಹಿಂದಿನ ಹಾಡನ್ನು ಅದರ ಚರಣದ ಕೊನೆಯಲ್ಲಿ ನಿಲ್ಲಿಸಿ, ಹೊಸದನ್ನು ಮೊದಲಿನಿಂದ ಬಿಡುತ್ತೇನೆ. ಅದರ ವಿಶ್ಲೇಷಣೆ ಮನೆಗೆ ಬಂದ ಮೇಲೆ, ಅದು ಸೇರಬೇಕಾದ ಗುಂಪು ಯಾವುದೆಂದು ಕೇಳಿ ತಿಳಿದ ನಂತರ.